ಹಳೆಯದೆಲ್ಲ ಅಪರೂಪವಲ್ಲ: ರಷ್ಯದ ನಾಣ್ಯಗಳನ್ನು ಓದುವ ಬಗೆ

ಪೀಟರ್ ದಿ ಗ್ರೇಟ್ ಎಂದು ಹೆಸರಾದ ಮೊದಲನೆಯ ಪೀಟರನ ಕಾಲದ, ರೂಬಲಿನ ನೂರನೆಯ ಒಂದು ಪಾಲಿನ ಬೆಲೆಯ ಒಂದು ಬೆಳ್ಳಿ ಕೊಪೆಕ್ಕನ್ನೂ 1958ರ ಇಸವಿಯನ್ನು ಹೊತ್ತ ಒಂದು ಸೋವಿಯತ್ ಚಿಲ್ಲರೆ ನಾಣ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ಯಾವುದು ದುಬಾರಿ ಎಂದು ಕೇಳಿದರೆ, ನಾಣ್ಯಗಳ ಪರಿಚಯವಿಲ್ಲದವರು ಮರುಯೋಚನೆ ಮಾಡದೆ ಮೊದಲನೆಯದನ್ನು ತೋರಿಸುತ್ತಾರೆ. ಅದು ಮುನ್ನೂರು ವರ್ಷ ಹಳೆಯದು, ಬೆಳ್ಳಿಯದು, ತ್ಸಾರ್ ಒಬ್ಬನ ಹೆಸರಿರುವುದು. ಇನ್ನೊಂದಾದರೋ ನಮ್ಮ ಅಜ್ಜಂದಿರ ಕಾಲದ ಅಗ್ಗದ ಮಿಶ್ರಲೋಹದ ಬಿಲ್ಲೆ. ಮಾರುಕಟ್ಟೆಯ ಲೆಕ್ಕ ಮಾತ್ರ ಇದಕ್ಕೆ ತದ್ವಿರುದ್ಧವಾಗಿದೆ. ಪೀಟರನ ಸಾಧಾರಣ ಕೊಪೆಕ್ಕನ್ನು ಹೊಸ ಸಂಗ್ರಾಹಕನೂ ಕೊಳ್ಳಬಹುದು, ಆದರೆ ನಿಜವಾದ 1958ರ ನಾಣ್ಯವನ್ನು ಅನುಭವಿಗಳು ಕೂಡ ಹರಾಜಿನ ಪಟ್ಟಿಗಳಲ್ಲಿ ಮಾತ್ರ ನೋಡಿರುತ್ತಾರೆ. ರಷ್ಯದ ನಾಣ್ಯಸಂಗ್ರಹವನ್ನು ಅರ್ಥಮಾಡಿಕೊಳ್ಳಲು ಈ ವಿಚಿತ್ರದಿಂದಲೇ ತೊಡಗಬೇಕು. ಅಲ್ಲಿನ ನಾಣ್ಯವೊಂದರ ಬೆಲೆಯನ್ನು ಅದರ ವಯಸ್ಸಿಗಿಂತ ಹೆಚ್ಚಾಗಿ ನಿರ್ಧರಿಸುವುದು, ಅಚ್ಚಾದ ಮೇಲೆ ಅದನ್ನು ಸರ್ಕಾರ ಏನು ಮಾಡಿತು ಎಂಬ ಸಂಗತಿ: ಹಂಚಿತೋ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿತೋ, ಕರಗಿಸಿತೋ, ಅಥವಾ ಅದರ ಮೇಲೆಯೇ ಇನ್ನೊಂದು ಅಚ್ಚನ್ನು ಒತ್ತಿಸಿತೋ. ಆ ಚರಿತ್ರೆಯ ಗುರುತುಗಳು ನಾಣ್ಯದ ಮೈಮೇಲೆಯೇ ಇರುತ್ತವೆ. ಅವನ್ನು ಓದಲು ಕಲಿಯಬೇಕು, ಅಷ್ಟೆ.

ಮೊದಲು ಆ ಬೆಳ್ಳಿ ಕೊಪೆಕ್ಕನ್ನು ನೋಡೋಣ. ಅದು ದುಂಡಗಿರುವುದಿಲ್ಲ; ಗಾತ್ರದಲ್ಲಿಯೂ ಆಕಾರದಲ್ಲಿಯೂ ಹೆಚ್ಚುಕಡಿಮೆ ಕಲ್ಲಂಗಡಿಯ ಬೀಜದಂತಿರುತ್ತದೆ. ರಷ್ಯನ್ ಸಂಗ್ರಾಹಕರು ಇದನ್ನು ‘ಚೆಶುಯಾ’, ಅಂದರೆ ಮೀನಿನ ಪೊರೆ, ಎಂದು ಕರೆಯುತ್ತಾರೆ. ಬೆಳ್ಳಿಯನ್ನು ತಂತಿಯಾಗಿ ಎಳೆದು, ಸಮನಾದ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಚಪ್ಪಟೆಯಾಗಿ ಬಡಿದು, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ದೊಡ್ಡದು, ಲೋಹದ ತುಂಡು ಚಿಕ್ಕದು. ಹಾಗಾಗಿ ಒಂದು ನಾಣ್ಯದ ಮೇಲೆ ತ್ಸಾರನ ಹೆಸರಿನ ಮೊದಲ ಅಕ್ಷರಗಳಷ್ಟೇ ಮೂಡಿದ್ದರೆ, ಅದೇ ಅಚ್ಚಿನ ಮತ್ತೊಂದರಲ್ಲಿ ಬಿರುದಿನ ಕೊನೆ ಮಾತ್ರ ಕಾಣಿಸುತ್ತದೆ. ಪೂರ್ತಿ ಬರಹವಿರುವ ಒಂದೇ ಒಂದು ನಾಣ್ಯವನ್ನು ಹುಡುಕುತ್ತ ಹೋಗುವವನು ನಿರಾಶನಾಗುತ್ತಾನೆ. ಹತ್ತಾರು ನಾಣ್ಯಗಳನ್ನು ಹೋಲಿಸಿ, ಅಲ್ಲಲ್ಲಿ ಸವೆದ ಶಾಸನವನ್ನು ಹಲವು ಪಡಿಯಚ್ಚುಗಳಿಂದ ಕೂಡಿಸಿ ಓದುವ ಹಾಗೆ ಓದಬೇಕಾಗುತ್ತದೆ.

‘ಕೊಪೆಕ್’ ಎಂಬ ಹೆಸರು ಬಂದದ್ದು ಈ ತಂತಿ ನಾಣ್ಯಗಳಿಂದಲೇ. ಮುಂದೆ ‘ಭಯಂಕರ’ನೆಂದು ಹೆಸರಾಗಲಿದ್ದ ನಾಲ್ಕನೆಯ ಇವಾನ್ ಇನ್ನೂ ಬಾಲಕನಾಗಿದ್ದಾಗ ಅವನ ಪರವಾಗಿ ರಾಜ್ಯಭಾರ ನಡೆಸುತ್ತಿದ್ದ ತಾಯಿ ಯೆಲೇನಾ ಗ್ಲಿನ್‌ಸ್ಕಯಾ 1535ರಲ್ಲಿ ನಾಣ್ಯಪದ್ಧತಿಯನ್ನು ಸುಧಾರಿಸಿದಳು. ಸುಮಾರು 204 ಗ್ರಾಂ ತೂಗುವ ಒಂದು ಗ್ರಿವೆಂಕಾ ಬೆಳ್ಳಿಯಿಂದ 300 ನಾಣ್ಯಗಳನ್ನು ಮಾಡಬೇಕೆಂದು ಗೊತ್ತಾಯಿತು. ಅಂದರೆ ಒಂದೊಂದೂ ಸುಮಾರು 0.68 ಗ್ರಾಂ. ಅದರ ಮೇಲೆ ಈಟಿ ಹಿಡಿದ ಕುದುರೆ ಸವಾರನ ಚಿತ್ರವಿತ್ತು. ಈಟಿಗೆ ರಷ್ಯನ್ನಿನಲ್ಲಿ ‘ಕೊಪ್ಯೊ’ ಎನ್ನುತ್ತಾರೆ. ಆ ಚಿತ್ರವೇ ನಾಣ್ಯದ ಹೆಸರಾಯಿತು. ಕೊಪೆಕ್ಕಿನ ಅರ್ಧಕ್ಕೆ ‘ದೆಂಗಾ’ ಎಂದೂ ಕಾಲು ಭಾಗಕ್ಕೆ ‘ಪೊಲುಷ್ಕಾ’ ಎಂದೂ ಕರೆದರು. ಪೊಲುಷ್ಕಾದ ತೂಕ 0.17 ಗ್ರಾಂ. ಅಷ್ಟು ಸಣ್ಣ ಲೋಹದ ಚೂರನ್ನು ಇಕ್ಕಳದಲ್ಲಿ ಹಿಡಿದು ಭೂತಗನ್ನಡಿಯಡಿ ನೋಡಿದವರಿಗೆ, ಚಳಿಯಲ್ಲಿ ಕೈಗವಸು ತೊಟ್ಟು ಸಂತೆಗೆ ಬರುತ್ತಿದ್ದ ಜನ ಇದನ್ನು ಎಣಿಸುತ್ತಿದ್ದುದಾದರೂ ಹೇಗೆ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಕನ್ನಡನಾಡಿಗೂ ಈ ತಂತಿ ನಾಣ್ಯಗಳ ಕಾಲಕ್ಕೂ ಒಂದು ನಿಜವಾದ ನಂಟಿದೆ. 1470ರ ಆಸುಪಾಸಿನಲ್ಲಿ ಬಹಮನಿ ರಾಜಧಾನಿಯಾಗಿದ್ದ ಬೀದರಿಗೆ ಬಂದು ಉಳಿದು, ತಾನು ಕಂಡದ್ದನ್ನು ಬರೆದಿಟ್ಟ ವರ್ತಕ ಅಫನಾಸಿ ನಿಕಿತಿನ್ ತ್ವೆರ್ ಊರಿನವನು. ಆಗ ತ್ವೆರ್ ಇನ್ನೂ ಮಾಸ್ಕೋದ ವಶವಾಗಿರಲಿಲ್ಲ; ಅದಕ್ಕೆ ತನ್ನದೇ ರಾಜವಂಶವೂ ತನ್ನದೇ ತಂತಿ ನಾಣ್ಯಗಳೂ ಇದ್ದವು. 1535ರ ಸುಧಾರಣೆಗಿಂತ ಹಿಂದಿನ ಇಂಥ ಸಂಸ್ಥಾನಗಳ ನಾಣ್ಯಗಳೇ ಒಂದು ಪ್ರತ್ಯೇಕ ಅಧ್ಯಯನ ಕ್ಷೇತ್ರ. ಹೊಸಬರು ಅದರೊಳಗೆ ಅವಸರದಲ್ಲಿ ಕಾಲಿಡದಿರುವುದೇ ಮೇಲು, ಏಕೆಂದರೆ ಅಲ್ಲಿ ಖೋಟಾ ಯಾವುದು ನಿಜ ಯಾವುದು ಎಂಬುದರಲ್ಲಿ ಪಂಡಿತರಿಗೂ ಒಮ್ಮತವಿರುವುದಿಲ್ಲ.

ತಂತಿ ಕೊಪೆಕ್ಕಿನಲ್ಲಿ ಇಸವಿ ಇದ್ದರೂ ಅದು ಅಂಕಿಗಳಲ್ಲಿರುವುದಿಲ್ಲ. ನಮ್ಮ ಕಟಪಯಾದಿಯಲ್ಲಿ ಅಕ್ಷರಗಳಿಗೆ ಸಂಖ್ಯೆಯ ಬೆಲೆಯಿರುವಂತೆ ಹಳೆಯ ಸ್ಲಾವ್ ಲಿಪಿಯಲ್ಲಿಯೂ ಪ್ರತಿ ಅಕ್ಷರಕ್ಕೆ ಒಂದು ಬೆಲೆಯಿತ್ತು. ವ್ಯತ್ಯಾಸವೆಂದರೆ ಅಲ್ಲಿ ಬಿಡಿ, ಹತ್ತು, ನೂರುಗಳಿಗೆ ಬೇರೆ ಬೇರೆ ಅಕ್ಷರಗಳಿದ್ದವು, ಅವುಗಳನ್ನು ಕೂಡಿಸಿ ಓದಬೇಕಿತ್ತು. ‘ಅಜ್’ ಎಂಬ ಅಕ್ಷರಕ್ಕೆ 1, ‘ದೊಬ್ರೊ’ಗೆ 4, ‘ಪ್ಸಿ’ಗೆ 700; ಅಕ್ಷರದ ಎಡಬದಿಯಲ್ಲಿ ಒಂದು ಸಣ್ಣ ಗೆರೆಯಿದ್ದರೆ ಅದನ್ನು ಸಾವಿರದಿಂದ ಗುಣಿಸಬೇಕು. ಗೆರೆಯಿರುವ ಅಜ್, ಆಮೇಲೆ ಪ್ಸಿ, ಆಮೇಲೆ ದೊಬ್ರೊ ಇದ್ದರೆ ಅದು 1704. ಇದರ ಮೇಲೆ ಪಂಚಾಂಗದ ತೊಡಕು ಬೇರೆ. ಪೀಟರನು 1700ರ ಜನವರಿ 1ರಿಂದ ಕ್ರಿಸ್ತಶಕೆಯನ್ನು ಜಾರಿಗೆ ತರುವ ತನಕ ರಷ್ಯದಲ್ಲಿ ಜಗತ್ತಿನ ಸೃಷ್ಟಿಯಿಂದ ವರ್ಷಗಳನ್ನು ಎಣಿಸುತ್ತಿದ್ದರು. ಹೊಸ ವರ್ಷ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತಿತ್ತು. ಆದ್ದರಿಂದ ಒಬ್ಬನೇ ದೊರೆಯ ಒಂದು ಕೊಪೆಕ್ಕಿನ ಮೇಲೆ ಸೃಷ್ಟಿಶಕೆಯ 7204ನ್ನು ಸೂಚಿಸುವ ಅಕ್ಷರಗಳಿದ್ದರೆ, ಕೆಲವೇ ವರ್ಷಗಳ ಬಳಿಕದ ಇನ್ನೊಂದರ ಮೇಲೆ 1700ನ್ನು ಸೂಚಿಸುವ ಅಕ್ಷರಗಳಿರುತ್ತವೆ. ಮೊದಲನೆಯದರಿಂದ 5508ನ್ನು ಕಳೆದರೆ 1696 ಬರುತ್ತದೆ. ಇಷ್ಟನ್ನು ಕಲಿತವನಿಗೆ ಪೀಟರನ ತಂತಿ ನಾಣ್ಯಗಳು ಕಡಿಮೆ ಖರ್ಚಿನಲ್ಲಿ ಹೆಚ್ಚು ಸಂತೋಷ ಕೊಡುತ್ತವೆ ಎಂಬುದು ನನ್ನ ಅಭಿಪ್ರಾಯ.

ಈ ನಾಣ್ಯಗಳು ಇಂದಿಗೂ ಸುಲಭವಾಗಿ ಸಿಗುವುದಕ್ಕೆ ಕಾರಣ, ಜನ ಅವನ್ನು ಗಡಿಗೆಗಳಲ್ಲಿ ತುಂಬಿ ನೆಲದಲ್ಲಿ ಹೂತಿಡುತ್ತಿದ್ದುದು. ಹೂಳಲು ಕಾರಣಗಳೂ ಕಡಿಮೆಯಿರಲಿಲ್ಲ. ಪೀಟರನ ತಂದೆ ಅಲೆಕ್ಸಿ ಮಿಖಾಯ್ಲೊವಿಚ್ ಪೋಲೆಂಡಿನೊಡನೆ ಯುದ್ಧಕ್ಕಿಳಿದು ಹಣ ಸಾಲದಾದಾಗ, 1654ರಿಂದ ಯುರೋಪಿನ ದೊಡ್ಡ ಬೆಳ್ಳಿ ಥಾಲರುಗಳ ಮೇಲೆ ರೂಬಲಿನ ಅಚ್ಚನ್ನೊತ್ತಿಸಿದನು. 1655ರಲ್ಲಿ ಥಾಲರಿನ ಮೇಲೆ ಕುದುರೆ ಸವಾರನ ಸಣ್ಣ ಮುದ್ರೆಯನ್ನೂ ಇಸವಿಯ ಮುದ್ರೆಯನ್ನೂ ಹಾಕಿಸಿ 64 ಕೊಪೆಕ್ ಬೆಲೆಗೆ ಚಲಾವಣೆಗೆ ಬಿಟ್ಟನು. ಅಷ್ಟಕ್ಕೇ ನಿಲ್ಲದೆ, ಬೆಳ್ಳಿಯ ಕೊಪೆಕ್ಕಿನಂತೆಯೇ ಕಾಣುವ ತಾಮ್ರದ ಕೊಪೆಕ್ಕನ್ನು ಅದೇ ಬೆಲೆಗೆ ಹಂಚಿಸಿದನು. ಸಂಬಳ ಕೊಡುವಾಗ ತಾಮ್ರ, ತೆರಿಗೆ ಕೇಳುವಾಗ ಬೆಳ್ಳಿ. ಇದರ ಪರಿಣಾಮವಾಗಿ 1662ರಲ್ಲಿ ಮಾಸ್ಕೋದಲ್ಲಿ ‘ತಾಮ್ರದ ದಂಗೆ’ ಎದ್ದಿತು, ಅದನ್ನು ರಕ್ತದಲ್ಲಿ ಅಡಗಿಸಿದರು. ಮರುವರ್ಷ ತಾಮ್ರದ ಕೊಪೆಕ್ಕುಗಳನ್ನು ರದ್ದುಗೊಳಿಸಿದರು. ಎರಡು ಮುದ್ರೆಗಳ ಆ ಥಾಲರ್ ಸಂಗ್ರಾಹಕರಿಗೆ ಪ್ರಿಯವಾದುದು. ನಿಜವಾದ ಹಳೆಯ ಥಾಲರಿನ ಮೇಲೆ ಖೋಟಾ ಮುದ್ರೆ ಒತ್ತುವವರಿಗೂ ಅದು ಅಷ್ಟೇ ಪ್ರಿಯವಾದುದು.

ಪೀಟರನು ಹತ್ತು ಹದಿನೈದು ವರ್ಷಗಳಲ್ಲಿ ಇಡೀ ವ್ಯವಸ್ಥೆಯನ್ನು ಬದಲಾಯಿಸಿದನು. 1700ರಿಂದ ಯಂತ್ರದಲ್ಲಿ ಅಚ್ಚಾದ ದುಂಡಗಿನ ತಾಮ್ರದ ಚಿಲ್ಲರೆ ಬಂತು. 1704ರಲ್ಲಿ ಸುಮಾರು 28 ಗ್ರಾಂ ತೂಕದ, ಥಾಲರಿಗೆ ಸರಿಸಮನಾದ ಬೆಳ್ಳಿ ರೂಬಲ್ ಬಂತು. ನೂರು ಕೊಪೆಕ್ಕಿಗೆ ಒಂದು ರೂಬಲ್ ಎಂಬ ಲೆಕ್ಕ ಕೈಗೆ ಸಿಗುವ ನಾಣ್ಯವಾಗಿ ರೂಪುಗೊಂಡಿತು. ಅಮೆರಿಕ, ಫ್ರಾನ್ಸ್‌ಗಳು ದಶಮಾಂಶದ ಹಣಕ್ಕೆ ಬಂದದ್ದು ಆ ಶತಮಾನದ ಕೊನೆಯಲ್ಲಿ. ನಮ್ಮ ನಯಾ ಪೈಸೆ ಬಂದದ್ದು 1957ರಲ್ಲಿ. ಆದರೂ ಜನ ಹಳೆಯ ತಂತಿ ಕೊಪೆಕ್ಕನ್ನು ಬಿಡಲೊಲ್ಲದೆ ಇದ್ದುದರಿಂದ 1718ರವರೆಗೆ ಅದನ್ನೂ ಅಚ್ಚು ಹಾಕಲೇಬೇಕಾಯಿತು. ಪೀಟರನ ಕಾಲದ ಇನ್ನೊಂದು ಪ್ರಸಿದ್ಧ ವಸ್ತುವಾದ 1705ರ ಗಡ್ಡದ ಬಿಲ್ಲೆ ನಾಣ್ಯವೇ ಅಲ್ಲ. ಗಡ್ಡ ಬಿಡಲು ತೆರಿಗೆ ಕಟ್ಟಿದ್ದಕ್ಕೆ ಅದು ರಸೀದಿ. ಅದರ ಮೇಲೆ ಮೂಗು, ಮೀಸೆ, ಗಡ್ಡಗಳ ಚಿತ್ರವೂ ‘ಹಣ ಪಡೆಯಲಾಗಿದೆ’ ಎಂಬ ಬರಹವೂ ಇವೆ. ಅಂಗಡಿಗಳಲ್ಲಿ ಕಾಣಿಸುವ ಗಡ್ಡದ ಬಿಲ್ಲೆಗಳು ಬಹುಪಾಲು ನೆನಪಿನ ಕಾಣಿಕೆಯಾಗಿ ಮಾಡಿದ ನಕಲುಗಳು.

ಹದಿನೆಂಟನೆಯ ಶತಮಾನದ ರಷ್ಯವನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಎರಡನೆಯ ಕ್ಯಾಥರೀನಳ ತಾಮ್ರದ ಐದು ಕೊಪೆಕ್ಕಿನಂಥ ವಸ್ತು ಬೇರೆ ಇಲ್ಲ. ಅದು ಅಂಗೈಯಲ್ಲಿ ಕಲ್ಲಿನಂತೆ ಕೂರುತ್ತದೆ. ಒಂದು ಪೂದ್, ಅಂದರೆ 16.38 ಕಿಲೋ ತಾಮ್ರದಿಂದ 16 ರೂಬಲಿನಷ್ಟು ನಾಣ್ಯ ಮಾಡಬೇಕೆಂಬ ನಿಯಮವಿತ್ತು. ಹಾಗೆ ಲೆಕ್ಕ ಹಾಕಿದರೆ 320 ನಾಣ್ಯಗಳಾಗಿ ಒಂದೊಂದರ ತೂಕ 51 ಗ್ರಾಂ ದಾಟುತ್ತದೆ. ಅಚ್ಚು ಹಾಕುವುದು ಒರಟಾಗಿ ನಡೆಯುತ್ತಿದ್ದುದರಿಂದ ನಾಲ್ಕೈದು ಗ್ರಾಂ ಹೆಚ್ಚುಕಡಿಮೆ ಇರುವುದು ಸಹಜ. ಆದರೆ 35 ಗ್ರಾಂ ತೂಗುವ ಐದು ಕೊಪೆಕ್ಕನ್ನು ಯಾರಾದರೂ ಮಾರಲು ಬಂದರೆ ಎಚ್ಚರ ವಹಿಸಬೇಕು.

ಈ ‘ಪೂದಿಗೆ ಇಷ್ಟು ರೂಬಲ್’ ಎಂಬ ಲೆಕ್ಕ ಒಗ್ಗಿದರೆ ತಾಮ್ರದ ನಾಣ್ಯಗಳ ಒಗಟುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಕ್ಯಾಥರೀನಳ ಗಂಡ ಮೂರನೆಯ ಪೀಟರ್ 1762ರಲ್ಲಿ ಕೆಲವು ತಿಂಗಳು ಮಾತ್ರ ಆಳಿದನು. ಅಷ್ಟರಲ್ಲೇ ಅವನು ಪೂದಿಗೆ 16 ರೂಬಲ್ ಇದ್ದುದನ್ನು 32 ಮಾಡಿದನು. ತೂಕ ಬದಲಾಗದೆ ಬೆಲೆ ಇಮ್ಮಡಿಯಾದದ್ದರಿಂದ, ಹಿಂದಿನ ರಾಣಿ ಎಲಿಜಬೆತಳ ಐದು ಕೊಪೆಕ್ಕುಗಳನ್ನು ಕರಗಿಸುವ ಕಷ್ಟವಿಲ್ಲದೆ ಅವುಗಳ ಮೇಲೆಯೇ ಹತ್ತು ಕೊಪೆಕ್ಕಿನ ಅಚ್ಚು ಒತ್ತಿದರು. ಗಂಡನನ್ನು ಪದಚ್ಯುತಗೊಳಿಸಿ ಸಿಂಹಾಸನವೇರಿದ ಕ್ಯಾಥರೀನ್ ಹಳೆಯ ನಿಯಮವನ್ನೇ ತಂದು, ಅದೇ ನಾಣ್ಯಗಳನ್ನು ಮತ್ತೆ ಐದು ಕೊಪೆಕ್ಕಾಗಿಸಿದಳು. ಹೀಗಾಗಿ 1762, 1763ರ ಐದು ಕೊಪೆಕ್ಕನ್ನು ಓರೆ ಬೆಳಕಿನಲ್ಲಿ ಹಿಡಿದರೆ, ಕ್ಯಾಥರೀನಳ ಹೆಸರಿನ ಅಕ್ಷರಗಳ ಕೆಳಗಿನಿಂದ ಪೀಟರನ ನಾಣ್ಯದ ನಗಾರಿ, ಬಾವುಟಗಳು, ಕೆಲವೊಮ್ಮೆ ಅದಕ್ಕೂ ಕೆಳಗಿನ ಎಲಿಜಬೆತಳ ಅಚ್ಚು ಇಣುಕುವುದುಂಟು. ಮೂವರು ಅರಸರು ಒಂದೇ ಬಿಲ್ಲೆಯಲ್ಲಿ. ಮಾರುವವರು ಇದನ್ನು ‘ಕೆಟ್ಟ ಅಚ್ಚು’ ಎಂದು ಅಗ್ಗಕ್ಕೆ ಕೊಟ್ಟುಬಿಡುವುದೂ ಇದೆ, ಅಪರೂಪವೆಂದು ಬೆಲೆ ಏರಿಸುವುದೂ ಇದೆ. ನಿಜಕ್ಕೂ ಇಂಥವು ತೀರ ವಿರಳವಲ್ಲ, ಆದರೆ ಕೆಳಗಿನ ಅಚ್ಚು ಸ್ಪಷ್ಟವಾಗಿ ಓದಲು ಬರುವಂಥವು ಕಡಿಮೆ.

ಸೈಬೀರಿಯದ ಕೊಲಿವಾನ್ ಗಣಿಗಳ ತಾಮ್ರದ ಕತೆ ಇನ್ನೂ ಸ್ವಾರಸ್ಯವಾದುದು. ಅದರಲ್ಲಿ ಅಲ್ಪಸ್ವಲ್ಪ ಬೆಳ್ಳಿ, ಚಿನ್ನಗಳು ಬೆರೆತಿದ್ದವು, ಬೇರ್ಪಡಿಸುವುದು ಗಿಟ್ಟುತ್ತಿರಲಿಲ್ಲ. ಆ ಅಮೂಲ್ಯ ಲೋಹದ ಬೆಲೆಯನ್ನೂ ಸೇರಿಸಿ ಪೂದಿಗೆ 25 ರೂಬಲಿನಂತೆ, ಸೈಬೀರಿಯದಲ್ಲಿ ಮಾತ್ರ ಚಲಾವಣೆಯಾಗುವ ಪ್ರತ್ಯೇಕ ನಾಣ್ಯಗಳನ್ನು ಸುಜೂನ್‌ನ ಟಂಕಸಾಲೆಯಲ್ಲಿ 1781ರವರೆಗೆ ಅಚ್ಚು ಹಾಕಿದರು. ಗುರಾಣಿಯೊಂದನ್ನು ಹಿಡಿದು ನಿಂತ ಎರಡು ಸೇಬಲ್ ಪ್ರಾಣಿಗಳ ಚಿತ್ರ, ‘ಸೈಬೀರಿಯದ ನಾಣ್ಯ’ ಎಂಬ ಬರಹ ಇವುಗಳ ಗುರುತು. ಸೈಬೀರಿಯದ ತುಪ್ಪಳದ ವ್ಯಾಪಾರವನ್ನು ನೆನಪಿಸುವ ಈ ಚಿತ್ರ ರಷ್ಯದ ತಾಮ್ರ ನಾಣ್ಯಗಳಲ್ಲೆಲ್ಲ ಚೆಲುವಾದುದೆಂದು ಹಲವರ ಮತ, ನನ್ನದೂ ಅದೇ.

ಇಲ್ಲಿಂದ ಮುಂದೆ ಟಂಕಸಾಲೆಯ ಅಕ್ಷರಗಳನ್ನು ಓದದೆ ಗತ್ಯಂತರವಿಲ್ಲ. ಒಂದೇ ವರ್ಷದ, ಒಂದೇ ಬೆಲೆಯ ನಾಣ್ಯ ಯೆಕತೆರಿನ್‌ಬುರ್ಗಿನಲ್ಲಿ ಕೋಟಿಗಟ್ಟಲೆ ಅಚ್ಚಾಗಿ, ಕ್ರಿಮಿಯದ ಫಿಯೊದೋಸಿಯದಲ್ಲಿ 1787, 1788ರಲ್ಲಿ ಮಾತ್ರ ಕೊಂಚ ಅಚ್ಚಾಗಿದ್ದರೆ, ನಾಣ್ಯದ ಮೇಲಿನ ರಾಜಲಾಂಛನವಾದ ಹದ್ದಿನ ಪಕ್ಕದ ಎರಡು ಅಕ್ಷರಗಳೇ ಬೆಲೆಯ ಅಂತರವನ್ನೆಲ್ಲ ಹೇಳುತ್ತವೆ. ಯೆಕತೆರಿನ್‌ಬುರ್ಗಿಗೆ ‘ಯೆ, ಮ’, ಕೊಲಿವಾನಿಗೆ ‘ಕ, ಮ’, ಫಿಯೊದೋಸಿಯಕ್ಕೆ ‘ತ, ಮ’, ಸೇಂಟ್ ಪೀಟರ್ಸ್‌ಬರ್ಗಿಗೆ ‘ಸ, ಪ’ ಅಕ್ಷರಗಳಿಂದ ಆರಂಭವಾಗುವ ಗುರುತು. ಇಂಗ್ಲಿಷ್ ಕಲಿತ ಕಣ್ಣಿಗೆ ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಇಂಗ್ಲಿಷಿನ ‘ಸಿ’ಯಂತೆ ಕಾಣುವ ರಷ್ಯನ್ ಅಕ್ಷರದ ಉಚ್ಚಾರ ‘ಸ’, ‘ಪಿ’ಯಂತೆ ಕಾಣುವುದರ ಉಚ್ಚಾರ ‘ರ’, ‘ಬಿ’ಯಂತೆ ಕಾಣುವುದರ ಉಚ್ಚಾರ ‘ವ’. ಸೋವಿಯತ್ ನಾಣ್ಯಗಳನ್ನು ನಮ್ಮಲ್ಲಿ ‘ಸಿಸಿಸಿಪಿ ನಾಣ್ಯ’ ಎಂದು ಮಾರುವುದು ಇದೇ ತಪ್ಪಿನಿಂದ. ಅದು ‘ಎಸ್‌ಎಸ್‌ಎಸ್‌ಆರ್’, ಅಂದರೆ ಸೋವಿಯತ್ ಸಮಾಜವಾದಿ ಗಣರಾಜ್ಯಗಳ ಒಕ್ಕೂಟ. ಮೂವತ್ತಮೂರು ಅಕ್ಷರಗಳನ್ನು ಕಲಿಯಲು ಒಂದು ವಾರ ಸಾಕು. ಐವತ್ತು ಅಕ್ಷರಗಳ ವರ್ಣಮಾಲೆಯನ್ನು ಒತ್ತಕ್ಷರಗಳ ಸಮೇತ ಕಲಿತವರಿಗೆ ಅದು ಭಾರವಾಗದು.

ಹತ್ತೊಂಬತ್ತನೆಯ ಶತಮಾನದ ಬೆಳ್ಳಿ, ತಾಮ್ರಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ, ಎರಡು ಅಪವಾದಗಳನ್ನು ಬಿಟ್ಟರೆ. ಮೊದಲನೆಯದು ಪ್ಲಾಟಿನಂ. ಉರಾಲ್ ಪರ್ವತಗಳಲ್ಲಿ ಈ ಲೋಹ ಹೇರಳವಾಗಿ ಸಿಕ್ಕಿದಾಗ ಅದನ್ನು ಏನು ಮಾಡುವುದೆಂದು ತೋಚದೆ, ಹಣಕಾಸು ಸಚಿವ ಯೆಗೋರ್ ಕಾಂಕ್ರಿನನ ಕಾಲದಲ್ಲಿ 1828ರಿಂದ 3, 6, 12 ರೂಬಲಿನ ಪ್ಲಾಟಿನಂ ನಾಣ್ಯಗಳನ್ನು ಅಚ್ಚು ಹಾಕಿದರು. ಲೋಹದ ಮಾರುಕಟ್ಟೆ ಬೆಲೆ ಕುಸಿದರೆ ಖಜಾನೆಗೆ ನಷ್ಟವೆಂಬ ಭಯದಿಂದ 1845ರಲ್ಲಿ ನಿಲ್ಲಿಸಿ ಹಿಂದಕ್ಕೆ ಪಡೆದರು. ಎರಡನೆಯದು 1825ರ ಕಾನ್‌ಸ್ಟಂಟೀನ್ ರೂಬಲ್. ಮೊದಲನೆಯ ಅಲೆಕ್ಸಾಂಡರ್ ತಗನ್‌ರೋಗ್‌ನಲ್ಲಿ ತೀರಿಕೊಂಡಾಗ ಅವನ ತಮ್ಮ ಕಾನ್‌ಸ್ಟಂಟೀನ್ ಪಟ್ಟಕ್ಕೆ ಬರುವನೆಂದೇ ಎಲ್ಲರೂ ತಿಳಿದು, ಟಂಕಸಾಲೆಯಲ್ಲಿ ಅವನ ಮುಖವಿರುವ ರೂಬಲಿನ ಮಾದರಿಗಳು ಸಿದ್ಧವಾದವು. ಅವನಾದರೋ ಮೊದಲೇ ಹಕ್ಕು ಬಿಟ್ಟುಕೊಟ್ಟಿದ್ದನು. ಕಿರಿಯವನಾದ ನಿಕೊಲಾಸ್ ಪಟ್ಟಕ್ಕೆ ಬಂದ ದಿನ ಪೀಟರ್ಸ್‌ಬರ್ಗಿನಲ್ಲಿ ಡಿಸೆಂಬರಿಸ್ಟರೆಂದು ಹೆಸರಾದ ಸೇನಾಧಿಕಾರಿಗಳ ದಂಗೆ ಎದ್ದಿತು. ಆಳದ ಅರಸನ ನಾಣ್ಯಗಳನ್ನು ಗುಟ್ಟಾಗಿ ಬಚ್ಚಿಟ್ಟರು. ಬೆರಳೆಣಿಕೆಯಷ್ಟೇ ಇರುವ ಅವು ಸಾಮಾನ್ಯ ಸಂಗ್ರಾಹಕನ ಪಾಲಿಗೆ ಕತೆ ಮಾತ್ರ.

ಕೊನೆಯ ತ್ಸಾರ್ ಎರಡನೆಯ ನಿಕೊಲಾಸನ ನಾಣ್ಯಗಳು ಹಾಗಲ್ಲ. ಹೊಸಬರಲ್ಲಿ ಹೆಚ್ಚಿನವರು ಅಲ್ಲಿಂದಲೇ ಆರಂಭಿಸುತ್ತಾರೆ. ಅವನ ಬೆಳ್ಳಿ ರೂಬಲಿನ ತೂಕ 20 ಗ್ರಾಂ, ಅದರಲ್ಲಿ 18 ಗ್ರಾಂ ಶುದ್ಧ ಬೆಳ್ಳಿ. ಇದನ್ನು ಅಂಚಿನ ಮೇಲೆಯೇ ‘ಶುದ್ಧ ಬೆಳ್ಳಿ 4 ಜೊಲೊತ್ನಿಕ್ 21 ದೋಲ್ಯ’ ಎಂದು ಹಳೆಯ ತೂಕದಲ್ಲಿ ಬರೆದಿದೆ. ನಮ್ಮಲ್ಲಿ ತೊಲ, ಗುಲಗಂಜಿ ಇದ್ದಂತೆ ಅಲ್ಲಿ ಜೊಲೊತ್ನಿಕ್, ದೋಲ್ಯ. ಅದೇ ಅಂಚಿನಲ್ಲಿ ಟಂಕಸಾಲೆಯ ಅಧಿಕಾರಿಯ ಹೆಸರಿನ ಮೊದಲಕ್ಷರಗಳಿರುತ್ತವೆ. ಅಕ್ಷರಗಳ ಬದಲು ಒಂದು ನಕ್ಷತ್ರವಿದ್ದರೆ ಆ ರೂಬಲ್ ಪ್ಯಾರಿಸಿನಲ್ಲಿ, ಎರಡು ನಕ್ಷತ್ರಗಳಿದ್ದರೆ ಬ್ರಸೆಲ್ಸ್‌ನಲ್ಲಿ ಅಚ್ಚಾದದ್ದು. ಹಣಕಾಸು ಸಚಿವ ಸೆರ್ಗೇಯ್ ವಿತ್ತೆ ರೂಬಲನ್ನು ಚಿನ್ನಕ್ಕೆ ಕಟ್ಟಿದ ಆ ವರ್ಷಗಳಲ್ಲಿ ಪೀಟರ್ಸ್‌ಬರ್ಗಿನ ಟಂಕಸಾಲೆಯೊಂದಕ್ಕೇ ಕೆಲಸ ಮುಗಿಸಲಾಗಲಿಲ್ಲ. 1897ರ ಚಿನ್ನದ 15 ರೂಬಲ್ ನಾಣ್ಯ ಅದೇ ಸುಧಾರಣೆಯ ಕೂಸು. ಅದಕ್ಕೂ ಹಿಂದಿನ 10 ರೂಬಲ್ ನಾಣ್ಯಕ್ಕೂ ತೂಕ ಒಂದೇ, 12.9 ಗ್ರಾಂ, ರೂಬಲಿನ ಬೆಲೆಯನ್ನು ಮೂರರಲ್ಲೊಂದು ಪಾಲು ಇಳಿಸಿದ ಸಂಗತಿಯನ್ನು ಆ ‘15’ ಎಂಬ ಅಂಕಿ ಹೇಳುತ್ತದೆ.

1913ರಲ್ಲಿ ರೊಮಾನೊವ್ ವಂಶದ ಮುನ್ನೂರನೆಯ ವರ್ಷಕ್ಕೆ ಹೊರಟ ರೂಬಲಿನ ಮೇಲೆ ನಿಕೊಲಾಸನ ಹಿಂದೆ ವಂಶದ ಮೊದಲಿಗ ಮಿಖಾಯಿಲನ ಮುಖವಿದೆ. ಹದಿನಾಲ್ಕು ಲಕ್ಷಕ್ಕೂ ಮೀರಿ ಅಚ್ಚಾದ, ಜನ ನೆನಪಿಗೆಂದು ಎತ್ತಿಟ್ಟ ಈ ನಾಣ್ಯ ಇಂದಿಗೂ ಧಾರಾಳವಾಗಿ ಸಿಗುತ್ತದೆ. ಮರುವರ್ಷದ ಗಂಗುತ್ ನೌಕಾಯುದ್ಧದ ಸ್ಮಾರಕ ರೂಬಲ್ ಇದರ ಪಕ್ಕದಲ್ಲಿ ಸಪ್ಪೆಯಾಗಿ ಕಾಣುತ್ತದೆ, ಆದರೆ ಜಾಗತಿಕ ಯುದ್ಧ ಶುರುವಾಗಿ ಅದು ಸರಿಯಾಗಿ ಹಂಚಿಕೆಯಾಗಲೇ ಇಲ್ಲ. ಹಾಗಾಗಿ ಬೆಲೆ ಎಷ್ಟೋ ಪಟ್ಟು. ಯುದ್ಧ ಬಂದೊಡನೆ ಜನ ಬೆಳ್ಳಿಯನ್ನೂ ಆಮೇಲೆ ತಾಮ್ರವನ್ನೂ ಮನೆಯಲ್ಲಿ ಅಡಗಿಸಿಟ್ಟರು; ಸರ್ಕಾರ 1915ರಲ್ಲಿ ಅಂಚೆಚೀಟಿಗಳನ್ನೇ ದಪ್ಪ ಕಾಗದದ ಮೇಲೆ ಮುದ್ರಿಸಿ ಚಿಲ್ಲರೆಯೆಂದು ಹಂಚಿತು. 1917ರ ಇಸವಿಯ 10, 15, 20 ಕೊಪೆಕ್ ನಾಣ್ಯಗಳು ಆ ಸಾಮ್ರಾಜ್ಯದ ಕೊನೆಯುಸಿರು, ಬಲು ವಿರಳ.

ಈ ಕಾಲದ ಅತಿ ದೊಡ್ಡ ಸಂಗ್ರಾಹಕ ರಾಜಮನೆತನದವನೇ ಆದ ಗ್ರ್ಯಾಂಡ್ ಡ್ಯೂಕ್ ಗಿಯೋರ್ಗಿ ಮಿಖಾಯ್ಲೊವಿಚ್. ಹಿಂದೆ ಟಂಕಸಾಲೆ ಶ್ರೀಮಂತ ಸಂಗ್ರಾಹಕರಿಗಾಗಿ ಹಳೆಯ ಅಥವಾ ಹೊಸದಾಗಿ ಕೆತ್ತಿದ ಅಚ್ಚುಗಳಿಂದ ಹಿಂದಿನ ಕಾಲದ ನಾಣ್ಯಗಳನ್ನು ಮರುತಯಾರಿಸಿ ಕೊಡುತ್ತಿತ್ತು; ಇವನ್ನು ‘ನೊವೊದೆಲ್’ ಎನ್ನುತ್ತಾರೆ. ಇವು ಖೋಟಾ ಅಲ್ಲ, ಏಕೆಂದರೆ ಸರ್ಕಾರಿ ಟಂಕಸಾಲೆಯೇ ಮಾಡಿದ್ದು. ಅಸಲಿಯೂ ಅಲ್ಲ, ಏಕೆಂದರೆ ಚಲಾವಣೆಗೆ ಮಾಡಿದ್ದಲ್ಲ. ಸಂಗ್ರಹಗಳನ್ನು ಗೊಂದಲಗೊಳಿಸುವ ಈ ಪದ್ಧತಿಯನ್ನು 1890ರಲ್ಲಿ ಗ್ರ್ಯಾಂಡ್ ಡ್ಯೂಕನ ಒತ್ತಾಯದಿಂದಲೇ ನಿಲ್ಲಿಸಲಾಯಿತು. ಕ್ರಾಂತಿಯ ನಂತರ, 1919ರ ಜನವರಿಯಲ್ಲಿ, ಅವನನ್ನು ಪೆತ್ರೊಗ್ರಾದಿನಲ್ಲಿ (ಪೀಟರ್ಸ್‌ಬರ್ಗಿಗೆ ಆಗಿದ್ದ ಹೆಸರು) ಗುಂಡಿಕ್ಕಿ ಕೊಂದರು. ದೇಶದಾಚೆ ಸಾಗಿಸಲಾದ ಅವನ ಸಂಗ್ರಹದ ದೊಡ್ಡ ಭಾಗ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ.

ಸೋವಿಯತ್ ನಾಣ್ಯಗಳ ಮೊದಲ ವರ್ಷಗಳನ್ನು ನೋಡಿದವರಿಗೆ ಒಂದು ಅಚ್ಚರಿ ಕಾದಿದೆ: ‘ಸರ್ವದೇಶಗಳ ಕಾರ್ಮಿಕರೇ, ಒಂದಾಗಿರಿ’ ಎಂಬ ಘೋಷಣೆಯನ್ನು ಹೊತ್ತ ಆ ಬೆಳ್ಳಿ ರೂಬಲಿನ ತೂಕವೂ ಶುದ್ಧತೆಯೂ ತ್ಸಾರನ ರೂಬಲಿನದೇ. 1921ರಿಂದಲೇ ಅಚ್ಚಾಗುತ್ತ ಬಂದ ಇವು, ಕಾಗದದ ಹಣ ಮೌಲ್ಯ ಕಳೆದುಕೊಂಡು ಹೊಸ ವ್ಯವಸ್ಥೆ ನೆಲೆಗೊಂಡ 1924ರಲ್ಲಿ ಜನರ ಕೈಸೇರಿದವು. ಬೀಜ ಬಿತ್ತುವ ರೈತನ ಚಿತ್ರವಿರುವ 1923ರ ಚಿನ್ನದ ಚೆರ್ವೋನೆಟ್ಸ್‌ನಲ್ಲಿಯೂ ನಿಕೊಲಾಸನ ಹತ್ತು ರೂಬಲಿನಷ್ಟೇ, ಅಂದರೆ 7.74 ಗ್ರಾಂ ಶುದ್ಧ ಚಿನ್ನವಿತ್ತು. ಹೊರಗಿನ ವರ್ತಕರಿಗೆ ಸಿದ್ಧಾಂತಕ್ಕಿಂತ ತೂಕ ಮುಖ್ಯವಾಗಿತ್ತು. ಇದೇ ಚಿತ್ರದ, 1975ರಿಂದ 1982ರವರೆಗಿನ ಇಸವಿಗಳುಳ್ಳ ಚೆರ್ವೋನೆಟ್ಸ್‌ಗಳು ಮರು ಅಚ್ಚುಗಳು. ಅವನ್ನು ಚಿನ್ನದ ಬೆಲೆಗೆ ಕೊಳ್ಳಬಹುದು, ಹಳೆಯದೆಂದು ಕೊಳ್ಳಬಾರದು. 1924ರ ಕಮ್ಮಾರನ ಚಿತ್ರದ ಅರ್ಧ ರೂಬಲ್, ‘ಪೊಲ್ತಿನ್ನಿಕ್’, ನನ್ನ ದೃಷ್ಟಿಯಲ್ಲಿ ಇಡೀ ಸೋವಿಯತ್ ನಾಣ್ಯಗಳಲ್ಲೇ ಶ್ರೇಷ್ಠವಾದುದು. ಅದರ ಅಂಚಿನಲ್ಲಿ 9 ಗ್ರಾಂ ಎಂಬ ಹೊಸ ಅಳತೆಯ ಪಕ್ಕದಲ್ಲೇ ಆವರಣದೊಳಗೆ ಹಳೆಯ ಜೊಲೊತ್ನಿಕ್ ಲೆಕ್ಕವೂ ಇದೆ. ಅಂಚಿನ ಕೊನೆಯಲ್ಲಿ ‘ಪಿ, ಎಲ್’ ಇದ್ದರೆ ಪೀಟರ್ಸ್‌ಬರ್ಗಿನ ಹೊಸ ಹೆಸರಾದ ಲೆನಿನ್‌ಗ್ರಾದಿನದು, ‘ಟಿ, ಆರ್’ ಇದ್ದರೆ ಲಂಡನ್ನಿನ ರಾಯಲ್ ಮಿಂಟಿನದು. ಕಾರ್ಮಿಕರ ರಾಜ್ಯದ ನಾಣ್ಯವನ್ನು ಬ್ರಿಟಿಷ್ ದೊರೆಯ ಟಂಕಸಾಲೆ ಅಚ್ಚು ಹಾಕಿಕೊಟ್ಟಿತು.

ಬೆಳ್ಳಿ ಚಿಲ್ಲರೆಯನ್ನು ಜನ ಮತ್ತೆ ಬಚ್ಚಿಡತೊಡಗಿ, 1930ರಲ್ಲಿ ಚಿಲ್ಲರೆಯ ಬರ ಬಂದಾಗ, ಸರ್ಕಾರ 1931ರಲ್ಲಿ 10, 15, 20 ಕೊಪೆಕ್ಕುಗಳನ್ನು ತಾಮ್ರ ಮತ್ತು ನಿಕಲ್ ಬೆರೆತ ಲೋಹಕ್ಕೆ ಬದಲಾಯಿಸಿತು. ಆ ವರ್ಷದ ಬೆಳ್ಳಿಯವು ಬಹುಪಾಲು ಕರಗಿಹೋದುವು. ಉಳಿದ ಕೆಲವಕ್ಕೆ ಅಪಾರ ಬೆಲೆ. 1934ರ 20 ಕೊಪೆಕ್ಕಿನ ಗತಿಯೂ ಇದೇ. ಇಸವಿಯ ಒಂದಂಕಿಯನ್ನು ಕೆರೆದು ತಿದ್ದುವ ಕೈಚಳಕದವರು ಇಲ್ಲಿ ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮೂವತ್ತರ ದಶಕದ ನಡುವಿನಿಂದ 1957ರವರೆಗಿನ ಚಿಲ್ಲರೆ ನಾಣ್ಯಗಳು ಮೊದಲ ನೋಟಕ್ಕೆ ಎಲ್ಲವೂ ಒಂದೇ. ಅವುಗಳಲ್ಲಿ ಎಣಿಸಬೇಕಾದುದು ಲಾಂಛನದ ಗೋಧಿ ತೆನೆಗಳಿಗೆ ಸುತ್ತಿದ ಪಟ್ಟಿಯನ್ನು. ಒಂದು ಸುತ್ತು ಒಂದು ಗಣರಾಜ್ಯದ ಗುರುತು. 1936ರ ಸಂವಿಧಾನದಲ್ಲಿ ಗಣರಾಜ್ಯಗಳು 11. ಅದರಂತೆ 1937ರಿಂದ 1946ರವರೆಗಿನ ನಾಣ್ಯಗಳಲ್ಲಿ ಎಡಕ್ಕೆ ಐದು, ಬಲಕ್ಕೆ ಐದು, ಕೆಳಗೆ ಒಂದು ಸುತ್ತು. 1940ರಲ್ಲಿ ಬಾಲ್ಟಿಕ್ ದೇಶಗಳು, ಮಾಲ್ದಾವಿಯ ಮತ್ತು ಕರೇಲಿಯ-ಫಿನ್ನಿಷ್ ಗಣರಾಜ್ಯ ಸೇರಿ ಲೆಕ್ಕ 16 ಆಯಿತು, ಆದರೆ ಯುದ್ಧದ ನಡುವೆ ಲಾಂಛನ ಬದಲಾಯಿಸುವ ಪುರುಸೊತ್ತಿರಲಿಲ್ಲ. 16 ಸುತ್ತುಗಳ ನಾಣ್ಯ ಜನರಿಗೆ ತಲುಪಿದ್ದು 1948ರ ಇಸವಿಯಿಂದ. 1947ರವು ಅಚ್ಚಾದರೂ ಹೊರಬರಲಿಲ್ಲ. 1956ರಲ್ಲಿ ಕರೇಲಿಯವನ್ನು ರಷ್ಯಕ್ಕೆ ಸೇರಿಸಿದ ಮೇಲೆ, 1957ರ ನಾಣ್ಯದಲ್ಲಿ ಎಡಬಲಕ್ಕೆ ಏಳೇಳು, ಕೆಳಗೊಂದು, ಒಟ್ಟು 15. ಹಳೆಯ ಅಚ್ಚನ್ನು ಕಣ್ತಪ್ಪಿನಿಂದ ಬಳಸಿ 1957ರ ಇಸವಿಯೊಂದಿಗೆ 16 ಸುತ್ತು ಬಂದಿರುವುದುಂಟು; ಅಂಥ ಹತ್ತು ಕೊಪೆಕ್ಕು ಸಿಕ್ಕಿದವನು ಅದೃಷ್ಟವಂತ. ಭೂಪಟದಿಂದ ಒಂದು ಗಣರಾಜ್ಯ ಅಳಿಸಿಹೋದದ್ದು ಒಂದು ಗೆರೆಯ ವ್ಯತ್ಯಾಸವಾಗಿ ಜೇಬಿನೊಳಗೆ ಬಂದು ಕೂತಿದೆ.

ಇನ್ನು 1958. ಹಣದ ಸುಧಾರಣೆಗೆಂದು ಆ ವರ್ಷದ ಇಸವಿಯೊಡನೆ ಹೊಸ ನಾಣ್ಯಗಳನ್ನು ದೊಡ್ಡ ಪ್ರಮಾಣದಲ್ಲಿ ಅಚ್ಚು ಹಾಕಿದರು. ಸುಧಾರಣೆಯನ್ನು ಮುಂದೂಡಿದ್ದರಿಂದ ಎಲ್ಲವನ್ನೂ ಕರಗಿಸಲು ಆಜ್ಞೆಯಾಯಿತು. ಟಂಕಸಾಲೆಯಿಂದ ಹೇಗೋ ಹೊರಬಿದ್ದ ಕೆಲವು ಮಾತ್ರ ಉಳಿದವು. ಆ ಸುಧಾರಣೆ ಬಂದದ್ದು 1961ರ ಜನವರಿ 1ರಂದು: ಹಳೆಯ ಹತ್ತು ರೂಬಲಿಗೆ ಹೊಸದೊಂದು. ಇದರಲ್ಲೊಂದು ವಿನಾಯಿತಿಯಿತ್ತು. ಹಳೆಯ 1, 2, 3 ಕೊಪೆಕ್ ನಾಣ್ಯಗಳನ್ನು ಮರಳಿ ಪಡೆದು ಹೊಸದನ್ನು ಮಾಡುವ ಖರ್ಚು ಅವುಗಳ ಬೆಲೆಯನ್ನೇ ಮೀರುತ್ತಿದ್ದುದರಿಂದ ಅವನ್ನು ಅದೇ ಮುಖಬೆಲೆಗೆ ಚಲಾವಣೆಯಲ್ಲಿ ಬಿಟ್ಟರು. ಡಬ್ಬಿಯಲ್ಲಿ ಪುಡಿಗಾಸು ಕೂಡಿಟ್ಟಿದ್ದವನ ಹಣ ರಾತ್ರೋರಾತ್ರಿ ಹತ್ತು ಪಟ್ಟಾಯಿತು. 1961ರ ಹೊಸ 1, 2, 3, 5 ಕೊಪೆಕ್ಕುಗಳ ತೂಕ ಕ್ರಮವಾಗಿ 1, 2, 3, 5 ಗ್ರಾಂ; ತಕ್ಕಡಿಗೆ ತೂಕದ ಬಟ್ಟಾಗಿ ಬಳಸಲು ಅದು ಅನುಕೂಲವಾಗಿತ್ತು. ಎರಡು ಕೊಪೆಕ್ಕು ಬೀದಿಯ ಟೆಲಿಫೋನಿಗೆ, ಐದು ಕೊಪೆಕ್ಕು ಮಾಸ್ಕೋದ ಮೆಟ್ರೋಗೆ, ಒಂದು ಕೊಪೆಕ್ಕು ಸಪ್ಪೆ ಸೋಡಾಕ್ಕೆ, ಮೂರು ಶರಬತ್ತು ಬೆರೆಸಿದ ಸೋಡಾಕ್ಕೆ. ಸೋವಿಯತ್ ನಾಡಿನಲ್ಲಿ ಓದಿ ಬಂದ ನಮ್ಮವರ ಮನೆಯ ಡಬ್ಬಿಗಳಲ್ಲಿ ಇವೇ ಸಿಗುವುದು, ಮತ್ತು ಇವುಗಳಲ್ಲಿ ಹೆಚ್ಚಿನವಕ್ಕೆ ನೆನಪಿನ ಬೆಲೆಯಷ್ಟೇ ಇದೆ. ಆದರೂ 1970ರ ಐದು ಕೊಪೆಕ್ಕು ಇದೆಯೇ ಎಂದು ಒಮ್ಮೆ ನೋಡಬೇಕು. ಅದು ಈ ರಾಶಿಯೊಳಗಿನ ವಿರಳ ಇಸವಿ.

ಸ್ಮಾರಕ ರೂಬಲುಗಳ ಬಗ್ಗೆ ಹೊಸಬರಿಗೆ ಭ್ರಮೆ ಜಾಸ್ತಿ. ಯುದ್ಧ ಗೆದ್ದ ಇಪ್ಪತ್ತನೆಯ ವರ್ಷಕ್ಕೆ 1965ರಲ್ಲಿ ಹೊರಟ ಮೊದಲ ಸ್ಮಾರಕ ರೂಬಲೇ ಆರು ಕೋಟಿಯಷ್ಟು ಅಚ್ಚಾಗಿದೆ. 1980ರ ಮಾಸ್ಕೋ ಒಲಿಂಪಿಕ್ಸಿನ ಆರು ರೂಬಲುಗಳೂ ಬೇಕಾದಷ್ಟಿವೆ. ಅವುಗಳಲ್ಲಿ 1978ರ ಕ್ರೆಮ್ಲಿನ್ ರೂಬಲಿನ ಗೋಪುರದ ಗಡಿಯಾರವನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡಬೇಕು. ಕೆಲವದರಲ್ಲಿ ರೋಮನ್ ನಾಲ್ಕು ಇರಬೇಕಾದಲ್ಲಿ ರೋಮನ್ ಆರು ಇದೆ. ಫಳಫಳಿಸುವ ಕನ್ನಡಿ ಹೊಳಪಿನ ಹಳೆಯ ಸ್ಮಾರಕ ರೂಬಲ್ ಸಿಕ್ಕಿದರೆ ಅಂಚಿನಲ್ಲಿ ಇಂಗ್ಲಿಷಿನ ‘ಎಚ್’ನಂತೆ ಕಾಣುವ, ‘ನ’ ಎಂದು ಓದುವ ಅಕ್ಷರವಿದೆಯೇ ನೋಡಬೇಕು: ಅದು 1988ರ ಮರು ಅಚ್ಚು, ‘ನೊವೊದೆಲ್’ ಎಂಬುದರ ಮೊದಲಕ್ಷರ.

ಖೋಟಾ ನಾಣ್ಯವನ್ನು ಕಂಡುಹಿಡಿಯಲು ಮೊದಲು ಬೇಕಾದುದು ನೂರನೆಯ ಒಂದು ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ. 20 ಗ್ರಾಂ ಇರಬೇಕಾದ ರೂಬಲ್ 17 ತೂಗಿದರೆ ಮುಂದಿನ ಮಾತೇ ಬೇಡ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಅಂಚನ್ನು ನೋಡಲೇಬೇಕು, ಏಕೆಂದರೆ ನಕಲು ಮಾಡುವವನು ಮುಖಗಳ ಮೇಲೆ ತೋರಿಸುವ ಶ್ರದ್ಧೆಯನ್ನು ಅಂಚಿನ ಮೇಲೆ ತೋರಿಸುವುದು ಕಡಿಮೆ. ಅಕ್ಷರಗಳು ಮಂಕಾಗಿದ್ದರೆ, ಚಿತ್ರ, ಬರಹಗಳಿಲ್ಲದ ಬಯಲು ಭಾಗದಲ್ಲಿ ಸೂಜಿಮೊನೆಯಂಥ ಗುಳಿಗಳಿದ್ದರೆ ಅದು ಅಚ್ಚೊತ್ತಿದ್ದಲ್ಲ, ಎರಕ ಹೊಯ್ದದ್ದು. ಜಾತ್ರೆಯ ಅಂಗಡಿಯಲ್ಲಿ ಕ್ಯಾಥರೀನಳ ಬೆಳ್ಳಿ ರೂಬಲುಗಳು ಹೊಸದಾಗಿ ಹೊಳೆಯುತ್ತ ಸಾಲಾಗಿ ಕೂತಿದ್ದರೆ ಅವುಗಳಲ್ಲಿ ಯಾವುದನ್ನೂ ಎತ್ತಿಕೊಂಡು ನೋಡುವ ಅಗತ್ಯವಿಲ್ಲ.

ಕೊಂಡದ್ದನ್ನು ಕೆಡಿಸುವುದರಲ್ಲಿ ನಮ್ಮ ಮನೆಗಳ ಶುಚಿತ್ವಕ್ಕೆ ಸಾಟಿಯಿಲ್ಲ. ಪೂಜೆಯ ತಂಬಿಗೆಯನ್ನು ಉಜ್ಜುವಂತೆ ತಾಮ್ರದ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಿದರೆ ಇನ್ನೂರೈವತ್ತು ವರ್ಷಗಳಲ್ಲಿ ಕೂಡಿದ ಕಂದು ಪದರ ಎರಡು ನಿಮಿಷದಲ್ಲಿ ಹೋಗುತ್ತದೆ, ಅದರೊಂದಿಗೆ ಬೆಲೆಯ ಅರ್ಧಕ್ಕೂ ಹೆಚ್ಚು ಹೋಗುತ್ತದೆ. ಆ ಪದರ ಕೊಳೆಯಲ್ಲ, ಲೋಹದ ರಕ್ಷಾಕವಚ. ಪುಡಿಪುಡಿಯಾಗಿ ಏಳುವ ತಿಳಿಹಸಿರು ಕಿಲುಬು ಮಾತ್ರ ರೋಗ. ಅಂಥದನ್ನು ಉಳಿದವುಗಳಿಂದ ಬೇರೆಯಿಡಬೇಕು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲಗಳು ವರ್ಷಗಳಲ್ಲಿ ನಾಣ್ಯಕ್ಕೆ ಅಂಟುಜಿಡ್ಡು ಹಿಡಿಸುತ್ತವೆ. ಕಾಗದದ ಲಕೋಟೆಯೋ ಗಟ್ಟಿ ಪಾರದರ್ಶಕ ಕರಡಿಗೆಯೋ ಲೇಸು. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಜೊತೆಗಿಡದೆ ತಾಮ್ರವನ್ನು ಉಳಿಸಿಕೊಳ್ಳುವುದು ಕಷ್ಟ. ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುವೆಂದು ಗಣನೆಯಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಅಂಥದನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೂ ಅಂಚೆಯಲ್ಲಿ ಕಳಿಸುವುದಕ್ಕೂ ನಿರ್ಬಂಧವಿದೆ. ತ್ಸಾರ್ ಕಾಲದವು ಬಹಳ ಹಿಂದೆಯೇ ಆ ಗಡಿ ದಾಟಿವೆ. 1924ರ ಕಮ್ಮಾರನ ಪೊಲ್ತಿನ್ನಿಕ್‌ಗೂ ಈಗ ನೂರು ತುಂಬಿದೆ.